ತಿರುಳಿಗೆ ಬಿದ್ದ ಹುಳು

ಘೋಣಸಗಿಯ ಗುರಲಿಂಗಪ್ಪನ ಹೊಲದಲ್ಲಿ ಶ್ರೀಗಂಧದ ಗಿಡಗಳನ್ನು ನೆಟ್ಟವನು ಅವನ ಮಗ ಚೇತನಕುಮಾರ. ಗಿಡಗಳು ಆಳೆತ್ತರ ಆಗುವ ಮೊದಲೇ ಸೊಲ್ಲಾಪುರ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿದು ಅವನು ತೀರಿಕೊಂಡ. ಆಮೇಲೆ ಅವಕ್ಕೆ ನೀರುಣಿಸಿ ಬೆಳೆಸಿದವಳು ತಾಯಿ ಶಂಕ್ರೆವ್ವ.

ಈ ಬೇಸಿಗೆಯಲ್ಲಿ ಕೆಲವು ಗಿಡಗಳ ತುದಿ ಒಣಗಿತು. ಬುಡದಲ್ಲಿ ಕಟ್ಟಿಗೆಯ ಪುಡಿ ಉದುರಿತ್ತು. ಗುರಲಿಂಗಪ್ಪ ವಿಜಯಪುರದಿಂದ ಕೀಟತಜ್ಞೆ ಗೌತಮಿಯನ್ನು ಕರೆತಂದ. ಅವಳು ಒಣಗಿದ ಕಾಂಡವೊಂದನ್ನು ಸೀಳಿಸಿದಾಗ ತಿರುಳಿನ ನಡುವೆ ಬೆರಳುದ್ದದ ಬಿಳಿ ಹುಳು ಹೊರಳಿತು.

“ದುಂಬಿ ಬಂದು ತೊಗಟಿಯೊಳಗ ತತ್ತಿ ಇಡ್ತದ್ರಿ,” ಎಂದಳು ಗೌತಮಿ. “ಮರಿಹುಳ ತಿರುಳು ತಿಂದು ಬೆಳೀತದ. ಮಳಿ ಬಿದ್ದ ಮ್ಯಾಲ ದುಂಬಿಯಾಗಿ ಹೊರಗ ಬಂದು ಬ್ಯಾರೆ ಗಿಡ ಹಿಡೀತದ.”

“ಔಷಧ ಹೊಡದ್ರ?” ಎಂದ ಗುರಲಿಂಗಪ್ಪ.

“ಇಷ್ಟು ಒಳಗ ಹೋದ ಹುಳಕ್ಕ ಮುಟ್ಟಂಗಿಲ್ರಿ. ಮಳಿಗಿಂತ ಮೊದ್ಲ ಹುಳ ಹತ್ತಿದ ಗಿಡ ಕಡದು ಸುಡಬೇಕು. ಬಾಜೂ ಹೊಲದವ್ರೂ ಸುಟ್ರ ಮಾತ್ರ ಉಪಯೋಗ.”

ಪಕ್ಕದ ಹೊಲ ಗುರಲಿಂಗಪ್ಪನ ತಮ್ಮ ಸಂಗನಬಸವನದು. ಅಲ್ಲಿನ ಶ್ರೀಗಂಧದ ಬುಡದಲ್ಲೂ ಪುಡಿ ಉದುರಿತ್ತು. ಅವನಿಗೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿ.

“ನನ್ನ ಗಿಡ ಇನ್ನಾ ಹಸರ ಅದಾವ, ಯಣ್ಣಾ. ಹಸರ ಗಿಡ ಹ್ಯಾಂಗ ಸುಡ್ಲಿ?” ಎಂದ ಅವನು. ಗೌತಮಿಯೂ ಹೋಗಿ ಹೇಳಿದಳು. ಚಹಾ ಕುಡಿಸಿ ಕಳಿಸಿದ.

ಒಂದು ಮುಂಜಾನೆ ಶಂಕ್ರೆವ್ವ ತಾನೇ ಕೊಡಲಿ ತಂದು ಗಂಡನ ಮುಂದಿಟ್ಟಳು. “ಉಳದ ಗಿಡಾನರೆ ಉಳೀಲಿ,” ಎಂದಳು.

ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಹುಳು ಹತ್ತಿದ ಗಿಡಗಳನ್ನು ಕಡಿದು ಸುಟ್ಟರು. ಪರಿಮಳ ಊರೊಳಗೆಲ್ಲ ಹಬ್ಬಿತು. ಯಾರ ಮನೆಯಲ್ಲಿ ಪೂಜೆ ಎಂದು ಮಂದಿ ಕೇಳಿದರು. ಶಂಕ್ರೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬದುವಿನ ಮೇಲೆ ಕೂತಿದ್ದಳು.

ಮಳೆ ಬಿತ್ತು. ಸಂಗನಬಸವನ ಗಿಡಗಳಿಂದ ದುಂಬಿಗಳು ಹೊರಬಿದ್ದು ಅಣ್ಣನ ಹೊಲಕ್ಕೆ ಬಂದವು. ಗುರಲಿಂಗಪ್ಪ, ಶಂಕ್ರೆವ್ವ ಇಬ್ಬರೂ ಅವನ್ನು ಕೈಯಿಂದ ಹಿಡಿಹಿಡಿದು ಕೊಂದರು. ಮರುದಿನ ಮತ್ತಷ್ಟು ಬಂದಿರುತ್ತಿದ್ದವು. ದೀಪಾವಳಿಯ ಹೊತ್ತಿಗೆ ಉಳಿದ ಗಿಡಗಳ ಬುಡದಲ್ಲೂ ಪುಡಿ ಬಿತ್ತು.

ಸಂಗನಬಸವ ಬಂದು ಹೊಲದಲ್ಲಿ ಅತ್ತಿಗೆಯ ಮುಂದೆ ತಲೆ ತಗ್ಗಿಸಿ ನಿಂತ. “ನನ್ನವೂ ಒಣಗಾಕತ್ತಾವ, ವೈನಿ. ನಿಮ್ಮ ಮಾತು ಕೇಳಬೇಕಿತ್ತು.”

“ಕುಂದ್ರು,” ಎಂದಳು ಶಂಕ್ರೆವ್ವ.

“ಮುಂದಿನ ವರ್ಷ ಇಲ್ಲಿ ತೊಗರಿ ಹಾಕೂಣು,” ಎಂದ ಗುರಲಿಂಗಪ್ಪ. ಅವಳು ಒಂದು ಗಿಡದ ಬುಡದಲ್ಲಿ ಬಿದ್ದ ಪುಡಿಯನ್ನು ಕೈಯಿಂದ ಒರೆಸಿದಳು. ಉಳಿದವನ್ನು ಕಡಿಯುವ ಆಳುಗಳು ನಾಳೆ ಬರುವವರಿದ್ದರು.