ಮ್ಯೂರಿಯಲ್ ತಂದ ಚಹಾ

"ಟ್ರೇ ಕೊಡೇ ಇತ್ಲಾಗೆ," ಎಂದು ತಂಗಿ ಎಡ್ನಾ ಕಿತ್ತುಕೊಳ್ಳಲು ಬಂದಳು. ಮ್ಯೂರಿಯಲ್ ಬಿಡಲಿಲ್ಲ.

"ನನ್ನ ಗಂಡನ ಮಣ್ಣಿಗೆ ಬಂದೋರು. ಚಹಾ ನಾನೇ ಕೊಡ್ತೀನಿ."

"ಕೈ ನೋಡ್ಕೋ, ಹೇಗೆ ನಡುಗ್ತಿದೆ! ಹೊರಗಿರೋರೆಲ್ಲ ಡಾಕ್ಟ್ರುಗಳು ಕಣೇ."

ಸರ್ ಗಾಡ್‌ಫ್ರಿ ಥ್ವೇಟ್‌ನನ್ನು ಮಣ್ಣು ಮಾಡಿ ಬಂದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ನರರೋಗಗಳಲ್ಲಿ ಎತ್ತಿದ ಕೈ, ದೇಶದ ವೈದ್ಯರ ಸಂಘಕ್ಕೆ ಎರಡು ಸಲ ಅಧ್ಯಕ್ಷ, ಅರಮನೆಯಿಂದ ಬಿರುದು. ಇವನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಪಾದ್ರಿಯ ಗಂಟಲು ಒಣಗಿತ್ತು. ಈಗ ಲೀಡ್ಸ್‌ನ ಆ ಮನೆಯ ಮುಂಕೋಣೆಯಲ್ಲಿ ಶಿಷ್ಯರು ಸ್ಯಾಂಡ್‌ವಿಚ್ ಮೆಲ್ಲುತ್ತ ಗುರುವನ್ನು ಕೊಂಡಾಡುತ್ತಿದ್ದರು.

"ರೋಗಿ ಬಾಯಿ ಬಿಡೋಕೆ ಮುಂಚೆ ರೋಗ ಹೇಳ್ಬೇಕು ಅಂತಿದ್ರು," ಎನ್ನುವ ಹಿರಿಯ ಶಿಷ್ಯ ಲ್ಯಾಟಿಮರ್‌ನ ದನಿ ಅಡುಗೆಮನೆಗೂ ಕೇಳಿಸಿತು. "ಮಂಚದ ಹತ್ರ ನಿಂತು ಒಂದ್ಸಲ ನೋಡಿದ್ರೆ ಸಾಕಿತ್ತು ಅವ್ರಿಗೆ."

* * *

ಪ್ರತಿ ಕ್ರಿಸ್‌ಮಸ್‌ಗೆ ಗಾಡ್‌ಫ್ರಿ ಕಿರಿಯ ವೈದ್ಯರನ್ನು ಮನೆಗೆ ಕರೆಯುತ್ತಿದ್ದ. ಒಂದು ವರ್ಷ ಮ್ಯೂರಿಯಲ್ ಹಣ್ಣಿನ ಹೂರಣ ತುಂಬಿದ ಬಿಸಿಬಿಸಿ ಪೈಗಳನ್ನು ತಂದು ಮೇಜಿನ ಮೇಲಿಟ್ಟಳು.

"ಬಾಗಿಲವರೆಗೆ ಹೋಗಿ ವಾಪಸ್ ಬಾ," ಎಂದ ಗಾಡ್‌ಫ್ರಿ.

ಹೊಸ ಉಡುಪನ್ನು ಎಲ್ಲರಿಗೂ ತೋರಿಸಲು ಹೇಳುತ್ತಿದ್ದಾನೆಂದುಕೊಂಡು, ಪಾಪ, ಅವಳು ನಾಚುತ್ತಲೇ ನಡೆದಳು.

"ಹೂಂ, ಯಾರು ಹೇಳ್ತೀರಿ?"

ಲ್ಯಾಟಿಮರ್ ಕೈ ಎತ್ತಿದ. "ಪಾರ್ಕಿನ್‌ಸನ್ ಕಾಯಿಲೆ, ಸರ್. ಎಡಗೈ ಬೀಸ್ತಾ ಇಲ್ಲ."

"ಭೇಷ್! ಎರಡು ವರ್ಷದಿಂದ ಕಾಯ್ತಿದ್ದೆ, ಒಬ್ರಾದ್ರೂ ಹೇಳ್ತೀರಾ ಅಂತ."

ತನಗೆ ಕಾಯಿಲೆಯಿದೆಯೆಂದು ಮ್ಯೂರಿಯಲ್‌ಗೆ ತಿಳಿದದ್ದು ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಲ್ಯಾಟಿಮರ್‌ಗೆ ದೊಡ್ಡ ಪೈ ಸಿಕ್ಕಿತು.

* * *

ಇವತ್ತೊಂದು ದಿನವಾದರೂ ಆ ಕೋಣೆಯನ್ನು ಮನೆಯೊಡತಿಯಾಗಿ ದಾಟಬೇಕು. ಅಷ್ಟೇ ಅವಳ ಹಟ.

ಟ್ರೇ ಹಿಡಿದು ಒಳಬಂದಾಗ ಬಟ್ಟಲುಗಳು ಕಿಣಿಕಿಣಿ ಎಂದವು. ಒಬ್ಬರೂ ಅವಳ ಮುಖ ನೋಡಲಿಲ್ಲ. ಕಣ್ಣುಗಳೆಲ್ಲ ಕೈಕಾಲುಗಳ ಮೇಲೆ. ಈಗ ಸಂಘದ ಅಧ್ಯಕ್ಷನಾಗಿರುವ ಲ್ಯಾಟಿಮರ್ ಪಕ್ಕದ ಕಿರಿಯ ವೈದ್ಯೆಗೆ ಪಿಸುಗುಟ್ಟಿದ: "ತಿರುಗುವಾಗ ನೋಡು, ತಿರುಗುವಾಗ."

ಮ್ಯೂರಿಯಲ್‌ಗೆ ಅದು ಕೇಳಿಸಿತು. ಕೋಣೆಯ ನಡುವೆಯೇ ನಿಂತಳು.

"ಯಾಕೆ ಲ್ಯಾಟಿಮರ್, ಹಿಂದಿರೋರಿಗೆ ಕಾಣಿಸ್ಲಿಲ್ವಾ? ಇನ್ನೊಂದ್ಸಲ ನಡೀಲಾ?"

ಅವನು ನಾಚಿಕೆಯಿಂದ ಸಾಯಲಿ ಎಂದೇ ಕೇಳಿದ್ದಳು.

"ತುಂಬಾ ಉಪಕಾರ ಆಗುತ್ತೆ," ಎಂದು ಲ್ಯಾಟಿಮರ್ ಎದ್ದು ಬಂದು, ಅವಳ ಕೈಯಿಂದ ಟ್ರೇಯನ್ನು ಮೆಲ್ಲಗೆ ತೆಗೆದುಕೊಂಡ. ಕಿರಿಯರು ಸದ್ದಿಲ್ಲದೆ ಕುರ್ಚಿಗಳನ್ನು ಸರಿಸಿ ಬಾಗಿಲವರೆಗೆ ದಾರಿ ಬಿಟ್ಟರು.