ಅಮ್ಮಂದಿರ ಸಾಲಿನ ಪತಾಕೆ

"ಎಲ್ಲಿಗೆ ಎದ್ದೆ? ಕೂತ್ಕೊಳೆ ಮುಂಡೆ! ಹೆತ್ತಿದ್ದು ನೀನಾ, ನಾನಾ? ನಿನ್ ಮಗಳು ಒಸಿ ಹೊತ್ತು ಗೇಟತ್ರ ನಿಂತ್ರೆ ಕರಗೋಯ್ತಾಳಾ?"

ಕ್ವಾಂಗ್ ಮ್ಯಾನೇಜರು ಹೀಗೆ ಕಿರುಚಿದ್ದು ನನ್ನ ಪಕ್ಕದ ಮಿಷನ್ನಿನ ಯೂಲಿಯೆನ್ ಮೇಲೆ. ಅವಳು ಎದ್ದು ನಿಂತಿದ್ದಳು, ಕೈಯಲ್ಲಿ ಹೊರಹೋಗುವ ಚೀಟಿ ಹಿಡಿದಿದ್ದಳು. ಆ ಚೀಟಿಯ ಮೇಲೆ ಇವನ ಸಹಿ ಬಿದ್ದರೆ ಮಾತ್ರ ಕಾವಲಿನ ಮುದುಕ ಗೆಂಗ್ ಗುಂಡಿ ಒತ್ತುತ್ತಾನೆ, ಮಡಚುವ ಕಬ್ಬಿಣದ ಗೇಟು ಹಳಿಯ ಮೇಲೆ ಸರಿಯುತ್ತದೆ. ಇಲ್ಲದಿದ್ದರೆ ಇರುವೆಯೂ ಹೊರಗೆ ಹೋಗುವಂತಿಲ್ಲ.

"ಶಾಲೆ ಬಿಡೋ ಹೊತ್ತು ಸಾಹೇಬ್ರೆ. ಸೇರ್ಕೊಳ್ಳುವಾಗ ನೀವೇ ಹೇಳಿದ್ರಿ, ಮಗೀನ ಕರ್ಕೊಂಡು ಬರಾಕೆ ಯಾವಾಗ ಬೇಕಾದ್ರೂ ಎದ್ದು ಹೋಗ್ಬೋದು ಅಂತ."

"ಈಗ್ಲೂ ಬ್ಯಾಡ ಅಂದ್ನಾ? ಈ ಲೋಡು ಲಾರಿ ಹತ್ಲಿ, ಆಮೇಲೆ ನೀನು ಹೋಗಿ ಮಗಳನ್ನ ಸೊಂಟದ ಮೇಲೆ ಹೊತ್ಕೊಂಡು ಕುಣಿ."

ಅವಳ ಕೈಯಿಂದ ಚೀಟಿ ಕಿತ್ತು ತನ್ನ ಅಂಗಿಯ ಜೇಬಿಗೆ ತುರುಕಿಕೊಂಡ. ಯೂಲಿಯೆನ್ ಕೂತಳು. ಅವಳ ಹಿಂದಿನ ಗೋಡೆಯ ಮೇಲೆ ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಬರೆದಿತ್ತು: 'ಅಮ್ಮಂದಿರ ಸಾಲು. ಮಕ್ಕಳ ಹೊತ್ತೇ ನಮ್ಮ ಹೊತ್ತು.'

ಚೀನಾದ ಗ್ವಾಂಗ್‌ಡಾಂಗ್‌ನ ಆ ಊರಿನಲ್ಲಿ ತಾಯಂದಿರನ್ನು ಕೂರಿಸಿದ ಅಂಥ ಮಿಷನ್ ಸಾಲು ಇಲ್ಲದ ಕಾರ್ಖಾನೆಯೇ ಇರಲಿಲ್ಲ. ಮಕ್ಕಳಿದ್ದಾರೆ ಎಂದು ಯಾರೂ ಕೆಲಸ ಕೊಡದ ಹೆಂಗಸರು ನಾವು. ನಮಗಾಗಿಯೇ ಮಾಡಿದ ಕೆಲಸವಂತೆ, ಬೇಕಾದಾಗ ಬಂದು ಬೇಕಾದಾಗ ಹೋಗಬಹುದಂತೆ. ಕೇಳಿ ಹಿಗ್ಗಿ ಹೀರೇಕಾಯಿಯಾಗಿ ಸೇರಿದೆವು. ಯಾರಿಗೆ ಬೇಕಾದಾಗ ಎನ್ನುವುದು ಆಮೇಲೆ ತಿಳಿಯಿತು. ಕೆಲಸವಿಲ್ಲದ ದಿನ ಬೆಳಿಗ್ಗೆ ಫೋನಿಗೆ ಗುಲಾಬಿ ಹೂವಿನ ಚಿತ್ರ ಬರುತ್ತಿತ್ತು, 'ಇಂದು ಮಕ್ಕಳೊಂದಿಗೆ ಖುಷಿಯಾಗಿರಿ' ಎಂದು. ಹಾಗೆಂದರೆ ಬರಬೇಡಿ, ಕೂಲಿ ಇಲ್ಲ. ಕೆಲಸವಿದ್ದ ದಿನ ಹೂವಿಲ್ಲ, ಗೇಟಿದೆ.

ಮಕ್ಕಳ ಕೋಣೆಯೂ ಒಂದಿತ್ತು. ಅದರೊಳಗಿನ ಜಾರುಬಂಡೆಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ನಾವು ಹೊಲಿಯುತ್ತಿದ್ದುದು ಏನು ಗೊತ್ತೇ? ಶಾಲೆಯ ಮಕ್ಕಳ ಸಮವಸ್ತ್ರ. ನೀಲಿ ಪ್ಯಾಂಟು, ಪಕ್ಕದಲ್ಲಿ ಬಿಳಿ ಪಟ್ಟಿ. ನಮ್ಮ ಮಕ್ಕಳೂ ನಮ್ಮ ಕೈಯ ಬಟ್ಟೆಯನ್ನೇ ತೊಟ್ಟು ನಮಗಾಗಿ ಶಾಲೆಯ ಮುಂದೆ ಕಾಯುತ್ತಿದ್ದರು.

ಅವತ್ತು ಯೂಲಿಯೆನ್‌ಳ ಮಗಳು ರೂಯಿ ಕಾದಳು. ಉಳಿದ ಮಕ್ಕಳು ಅಜ್ಜಿಯರ ಸ್ಕೂಟರ್ ಹತ್ತಿ ಹೋದ ಮೇಲೂ ಕಾದಳು. ಮಳೆ ಹನಿಯತೊಡಗಿದಾಗ, ಅಮ್ಮನ ಕಾರ್ಖಾನೆ ಎಲ್ಲಿದೆ ಎಂದು ಗೊತ್ತಿದ್ದ ಮಗು ಲಾರಿಗಳ ರಸ್ತೆಯಲ್ಲಿ ಒಬ್ಬಳೇ ನಡೆದುಕೊಂಡು ಹೊರಟಳು. ಕೊನೆಯ ತಿರುವಿನಲ್ಲಿ ಸಿಮೆಂಟಿನ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು.

ನಮಗೆ ಸುದ್ದಿ ಬಂದಾಗ ಯೂಲಿಯೆನ್ ಪ್ಯಾಂಟಿನ ಸೊಂಟಕ್ಕೆ ಇಲಾಸ್ಟಿಕ್ ಕೂರಿಸುತ್ತಿದ್ದಳು. ಕ್ವಾಂಗ್ ಆಗ ಚೀಟಿಗೆ ಸಹಿ ಮಾಡಿದ.

ಮಗು ಉಳಿಯಿತು. ಎಡಗಾಲು ಮಂಡಿಯ ಕೆಳಗೆ ಉಳಿಯಲಿಲ್ಲ.

*

ಒಂದು ವಾರ ಬಿಟ್ಟು ಕ್ವಾಂಗ್ ಹಾಲಿನ ಡಬ್ಬಗಳನ್ನೂ ಹಣ್ಣಿನ ಬುಟ್ಟಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಮಗುವಿಗೆ ಗಂಜಿ ಕುಡಿಸುತ್ತಿದ್ದ ನಾನು ಅಲ್ಲೇ ಇದ್ದೆ. ಬುಟ್ಟಿಯನ್ನು ಹಾಸಿಗೆಯ ಮೇಲಿಟ್ಟು, ಹೊದಿಕೆಯಡಿಯಲ್ಲಿ ಕಾಲಿರಬೇಕಾದ ಕಡೆ ಚಪ್ಪಟೆಯಾಗಿದ್ದುದನ್ನು ನೋಡದ ಹಾಗೆ ನಿಂತು, ಜೊತೆಗೆ ಬಂದಿದ್ದ ಕಚೇರಿಯ ಹುಡುಗನಿಂದ ಫೋಟೋ ತೆಗೆಸಿಕೊಂಡ. ಆಮೇಲೆ ವಾರ್ಡಿನವರಿಗೆಲ್ಲ ಕೇಳುವ ಹಾಗೆ ಹೇಳಿದ:

"ತಾಯಿ ಆದೋಳು ಮಗೀನ ಮೇಲೆ ಗ್ಯಾನ ಮಡಗ್ಬೇಕಿತ್ತು. ಹೋಗ್ತೀನಿ ಅಂದಿದ್ರೆ ನಾವು ಬ್ಯಾಡ ಅಂತಿದ್ವಾ? ನಾಲ್ಕು ಪೀಸು ಜಾಸ್ತಿ ಹೊಲಿಯೋ ಆಸೆಗೆ ಕೂತ್ಲು. ಈಗ ಅತ್ರೆ ಏನ್ ಬಂತು."

ಪಕ್ಕದ ಹಾಸಿಗೆಯ ಮುದುಕಿ ಯೂಲಿಯೆನ್ ಕಡೆ ನೋಡಿ ಲೊಚಗುಟ್ಟಿದಳು. ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಅವನು ಹೋದ ಮೇಲೆ ಮಗು ಕೇಳಿತು, "ಅಮ್ಮಾ, ಹೋಗ್ತೀನಿ ಅಂತ ನೀನು ಕೇಳ್ನೇ ಇಲ್ವಾ?"

ಲಾರಿ ಕಾಲು ತೆಗೆದುಕೊಂಡಿತು. ಈ ಬೋಳಿಮಗ ಅಮ್ಮನನ್ನೂ ತೆಗೆದುಕೊಂಡು ಹೋದ. ಅವತ್ತೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ. ಯೂಲಿಯೆನ್ ಮಾತ್ರ ಬುಟ್ಟಿಯಿಂದ ಒಂದೊಂದೇ ಹಣ್ಣು ತೆಗೆದು ಕಸದ ಡಬ್ಬಕ್ಕೆ ಹಾಕಿದಳು. ಹಾಕುತ್ತಾ ನನ್ನ ಕಡೆ ತಿರುಗಿ ಅಂದಳು, "ಪೆಂಗ್ ಅಕ್ಕ, ನನಗೆ ಅವ್ನ ಕಾಸು ಬ್ಯಾಡ. ಚೀಟಿ ಕಿತ್ಕೊಂಡೋನು ಯಾರು ಅಂತ ನಾಲ್ಕು ಜನದ ಮುಂದೆ ಗೊತ್ತಾಗ್ಬೇಕು. ನನ್ ಮಗಳಿಗೆ ಗೊತ್ತಾಗ್ಬೇಕು."

*

ಜಿಲ್ಲೆಯಿಂದ ದೊಡ್ಡವರು ಬರುತ್ತಾರೆ ಎಂಬ ಸುದ್ದಿ ಬಂತು. ನಮ್ಮ ಸಾಲಿಗೆ 'ಮಾದರಿ ಸಾಲು' ಎಂಬ ಹಿತ್ತಾಳೆ ಫಲಕ ಕೊಡುತ್ತಾರಂತೆ, ಟೀವಿಯವರೂ ಬಂದು ನೇರಪ್ರಸಾರ ಮಾಡುತ್ತಾರಂತೆ. ಕ್ವಾಂಗ್ ನಮ್ಮನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಅಂದ:

"ನೀವು ಕಾರ್ಖಾನೆಗೆ ಒಂದು ಪತಾಕೆ ಕೊಡ್ಬೇಕು. ಕೆಂಪು ಮಖಮಲ್ಲು, ಹಳದಿ ಕುಚ್ಚು, ಚಿನ್ನದ ಬಣ್ಣದ ಅಕ್ಷರ. ಅಂಗಡಿದು ಬ್ಯಾಡ, ನೀವೇ ಹೊಲೀರಿ. ಅಮ್ಮಂದಿರ ಕೈಯಾರೆ ಹೊಲ್ದಿದ್ದು ಅಂದ್ರೆ ಟೀವೀಲಿ ಚೆಂದ ಕಾಣ್ತದೆ."

ಕಾಯಿಲೆ ವಾಸಿ ಮಾಡಿದ ಡಾಕ್ಟರಿಗೆ, ಕಳೆದ ಮಗುವನ್ನು ಹುಡುಕಿಕೊಟ್ಟ ಪೊಲೀಸಿಗೆ ಜನ ಕಣ್ಣೀರು ಒರೆಸಿಕೊಂಡು ಕೊಡುವ ಪತಾಕೆ ಅದು. ಇವನು ಕೇಳಿ ಕೊಡಿಸಿಕೊಳ್ಳುತ್ತಿದ್ದ.

"ಕೊಡೋದು ಯೂಲಿಯೆನ್," ಅಂದ. "ನಗ್ತಾ ಕೊಡ್ಬೇಕು. ಕಾರ್ಖಾನೇನೇ ನನ್ನ ತವರು ಅಂತ ಒಂದು ಮಾತು ಆಡ್ಬೇಕು. ಕೊಟ್ರೆ ಮಿಷನ್ ನಿಂದು. ಇಲ್ಲಾಂದ್ರೆ ನಾಳೆಯಿಂದ ನಿನ್ ಫೋನಿಗೆ ದಿನಾ ಗುಲಾಬಿ ಹೂವೇ."

ತಾನೇ ಹೇಳಿದ ಮಾತಿಗೆ ತಾನೇ ನಕ್ಕ. ಕಾಲು ಕಳೆದುಕೊಂಡ ಮಗುವಿನ ತಾಯಿಯೇ ವಂದಿಸಿದರೆ ಊರಿನ ಬಾಯಿ ಮುಚ್ಚುತ್ತದೆ ಎಂಬ ಲೆಕ್ಕ ಅವನದು.

"ಆಯ್ತು ಸಾಹೇಬ್ರೆ," ಅಂದಳು ಯೂಲಿಯೆನ್. "ನಾನೇ ಹೊಲೀತೀನಿ, ನಾನೇ ಕೊಡ್ತೀನಿ."

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮಧ್ಯಾಹ್ನ ಊಟವಾದ ಮೇಲೆ ದೀಪ ಆರಿಸುತ್ತಾರೆ, ಎಲ್ಲರೂ ಮಿಷನ್ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗುತ್ತೇವೆ. ಆ ಕತ್ತಲಲ್ಲಿ ಅವಳನ್ನು ತಿವಿದೆ.

"ಥೂ ನಿನ್ನ! ತವರಂತೆ ತವರು. ನಾಚ್ಕೆ ಆಗಲ್ವೇನೆ?"

ಅವಳು ಕಾಲಡಿಯ ಚೀಲದಿಂದ ಒಂದು ಬಟ್ಟೆ ತೆಗೆದು ನನ್ನ ಮಡಿಲಲ್ಲಿಟ್ಟಳು. ಕತ್ತಲಲ್ಲೂ ಬೆರಳಿಗೆ ಗುರುತು ಸಿಕ್ಕಿತು. ಪಕ್ಕದ ಬಿಳಿ ಪಟ್ಟಿ, ನಮ್ಮದೇ ಹೊಲಿಗೆ. ಒಂದು ಕಾಲು ಸರಿಯಾಗಿತ್ತು. ಇನ್ನೊಂದನ್ನು ಆಸ್ಪತ್ರೆಯವರು ಕೆಳಗಿನಿಂದ ಸೊಂಟದವರೆಗೆ ಕತ್ತರಿಸಿದ್ದರು, ಅದು ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಅವಳು ತೊಳೆದಿರಲಿಲ್ಲ.

"ಇದ್ರ ಮ್ಯಾಲೆ ಮಖಮಲ್ಲು ಮುಚ್ಚಾನ," ಎಂದು ಪಿಸುಗುಟ್ಟಿದಳು. "ಅಕ್ಕಿ ಮೂಟೆ ಹೊಲಿಗೆ ಹಾಕಿ."

ಅಕ್ಕಿ ಮೂಟೆಯ ಬಾಯಿಗೆ ಹಾಕುವ ಹೊಲಿಗೆಯನ್ನು ಎಲ್ಲರೂ ನೋಡಿದ್ದಾರೆ. ನೋಡಲು ಭದ್ರ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಮಲಗುವ ಹೊತ್ತಿನಲ್ಲಿ ಹೊಲಿದೆವು, ಕೈಸೂಜಿಯಲ್ಲಿ, ಒಬ್ಬರಾದ ಮೇಲೆ ಒಬ್ಬರು. ಇಡೀ ಸಾಲಿಗೇ ಗೊತ್ತಿತ್ತು, ಒಬ್ಬಳೂ ಬಾಯಿ ಬಿಡಲಿಲ್ಲ. ಒಳಗಿನ ಬಟ್ಟೆಗೆ ಆ ಪ್ಯಾಂಟನ್ನು ಎರಡು ಕಾಲೂ ಅಗಲಿಸಿ, ಬಿಚ್ಚಲಾಗದ ಹಾಗೆ ಗಂಟು ಹಾಕಿ ಕೂರಿಸಿದೆವು. ಅದರ ಮೇಲೆ ಅಕ್ಷರಗಳ ಮಖಮಲ್ಲನ್ನು ಮುಚ್ಚಿ, ಅಂಚಿಗೆ ಮೂಟೆ ಹೊಲಿಗೆ ಹಾಕಿದೆವು. ದಾರದ ತುದಿಯನ್ನು ಹಳದಿ ಕುಚ್ಚಿನೊಳಗೆ ಸೇರಿಸಿದೆವು. ನನ್ನ ಜನ್ಮದಲ್ಲಿ ಅಷ್ಟು ಸಂತೋಷದಿಂದ ನಾನು ಏನನ್ನೂ ಹೊಲಿದಿಲ್ಲ.

ಕ್ವಾಂಗ್ ಬಂದು ಪರೀಕ್ಷೆ ಮಾಡಿದ. ಮಾಲೀಕರ ಭಾವಮೈದ ಅವನು, ಮೊದಲು ಕಾರು ಮಾರುತ್ತಿದ್ದವನು, ಸೂಜಿ ಹಿಡಿದವನಲ್ಲ. ಚಿನ್ನದ ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಿದ. ಅಂಚು ನೋಡಲಿಲ್ಲ.

"ದಪ್ಪ ಐತೆ," ಅಂದ.

"ಒಳ್ಳೆ ಅಸ್ತರು ಹಾಕಿದ್ದೀವಿ ಸಾಹೇಬ್ರೆ," ಅಂದೆ ನಾನು.

*

ಜಿಲ್ಲೆಯವರು ಕಪ್ಪು ಕಾರುಗಳಲ್ಲಿ ಬಂದರು. ಜಾರುಬಂಡೆಯ ಪ್ಲಾಸ್ಟಿಕ್ಕು ಬಿಚ್ಚಿದ್ದರು, ಕಚೇರಿಯ ಗುಮಾಸ್ತರ ಮಕ್ಕಳನ್ನು ತಂದು ಅದರ ಮೇಲೆ ಕೂರಿಸಿದ್ದರು. ಮುತ್ತಿನ ಸರ ತೊಟ್ಟ ಅಧಿಕಾರಿ ಹೆಂಗಸೊಬ್ಬಳು ನಮ್ಮ ಮಿಷನ್‌ಗಳ ನಡುವೆ ನಿಂತು ಮೈಕು ಹಿಡಿದು ಮಾತಾಡಿದಳು.

"ತಾಯ್ತನ ಮತ್ತು ದುಡಿಮೆ ಎರಡೂ ಇಲ್ಲಿ ಕೈಕೈ ಹಿಡಿದು ನಡೆಯುತ್ತಿವೆ. ಇದನ್ನು ನೋಡಿ ನನ್ನ ಕಣ್ಣು ತುಂಬಿ ಬರುತ್ತಿದೆ."

ನಾವು ಚಪ್ಪಾಳೆ ತಟ್ಟಿದೆವು. ಯೂಲಿಯೆನ್ ಸುತ್ತಿದ ಪತಾಕೆ ತಂದಳು. ಅಧಿಕಾರಿ ಪತಾಕೆಯ ಮೇಲಂಚಿನ ಕೋಲಿನ ಒಂದು ತುದಿ, ಕ್ವಾಂಗ್ ಇನ್ನೊಂದು ತುದಿ ಹಿಡಿದು ಬಿಡಿಸಿದರು. ಚಿನ್ನದ ಅಕ್ಷರ ಮಿರಮಿರ ಮಿಂಚಿತು: 'ತವರಿನಂಥ ಕಾರ್ಖಾನೆಗೆ ಅಮ್ಮಂದಿರ ವಂದನೆ.' ಟೀವಿಯ ಹುಡುಗಿ ಕ್ಯಾಮೆರಾ ಹತ್ತಿರ ತಂದಳು.

"ಮಾತಾಡಮ್ಮ," ಅಂದ ಕ್ವಾಂಗ್, ಹಲ್ಲು ಬಿಟ್ಟುಕೊಂಡು.

ಯೂಲಿಯೆನ್ ಬಗ್ಗಿ ಕುಚ್ಚಿನಿಂದ ದಾರ ಹುಡುಕಿ ಎಳೆದಳು.

ಮಖಮಲ್ಲು ಸರ್ರನೆ ಜಾರಿ ಅಧಿಕಾರಿಯ ಬೂಟಿನ ಮೇಲೆ ಬಿತ್ತು. ಒಳಗಿದ್ದ ಪುಟ್ಟ ನೀಲಿ ಪ್ಯಾಂಟು ಎಲ್ಲರ ಎದುರು ನಿಂತಿತು, ಒಂದು ಕಾಲು ಸೀಳಿ, ಒಣಗಿದ ನೆತ್ತರಿನಿಂದ ಕಪ್ಪಾಗಿ.

ಅಧಿಕಾರಿ ಹೆಂಗಸು ಬೆಂಕಿ ತಗುಲಿದಂತೆ ಕೈ ಬಿಟ್ಟಳು. ಕೋಲು ನೆಲಕ್ಕೆ ಬೀಳದಂತೆ ಕ್ವಾಂಗ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದ ಮೇಲೆ ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಬಿಸಾಡಿದರೆ ಕ್ಯಾಮೆರಾ ಇದೆ, ಹಿಡಿದುಕೊಂಡರೂ ಕ್ಯಾಮೆರಾ ಇದೆ.

"ನನ್ ಮಗಳ್ದು," ಅಂದಳು ಯೂಲಿಯೆನ್. "ಇದೇ ಸಾಲಲ್ಲಿ ಹೊಲ್ದಿದ್ದು. ಅವತ್ತು ನಾನು ಎದ್ದು ನಿಂತು ಕೇಳ್ದೆ. ನೀವು ನನ್ನ ಮುಂಡೆ ಅಂದು ಚೀಟಿ ಕಿತ್ಕೊಂಡು ಜೇಬಿಗಾಕೊಂಡ್ರಿ. ಈ ಜೇಬು." ಅವನ ಎದೆಯ ಜೇಬಿನ ಮೇಲೆ ಬೆರಳಿಟ್ಟಳು. "ಆಸ್ಪತ್ರೇಲಿ ನನ್ ಮಗಳ ಮುಂದೆ ತಪ್ಪು ಯಾರ್ದು ಅಂದ್ರಿ? ಅವ್ಳೀಗ ಮನೇಲಿ ಟೀವಿ ಹಾಕ್ಕೊಂಡು ಕೂತವ್ಳೆ. ಈಗ್ಲೂ ಅದೇ ಮಾತು ಹೇಳಿ. ಮೈಕಲ್ಲಿ ಹೇಳಿ."

"ನಿಲ್ಸಿ ಅದನ್ನ! ಇವ್ಳಿಗೆ ತಲೆ ಕೆಟ್ಟದೆ, ನಿಲ್ಸಿ!"

ಟೀವಿಯ ಹುಡುಗಿ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಶಾಲೆಯ ಧ್ವನಿವರ್ಧಕದಿಂದ ಶಾಲೆ ಬಿಡುವ ಹೊತ್ತಿನ ಹಾಡು ಕೇಳಿಸಿತು. ನಾನು ಗುಂಯ್‌ಗುಡುತ್ತಿದ್ದ ಮಿಷನ್ನನ್ನು ಆರಿಸಿ ಎದ್ದೆ. ನನ್ನ ಹಿಂದಿನವಳು ಎದ್ದಳು. ಒಂದೊಂದಾಗಿ ಸಾಲು ಪೂರ್ತಿ ಸದ್ದಡಗಿತು.

"ಕೂತ್ಕೊಳ್ರೇ!" ಕ್ವಾಂಗ್ ಕಿರುಚಿದ, ಪ್ಯಾಂಟನ್ನು ಎದೆಗೆ ಹಿಡಿದುಕೊಂಡೇ.

ನಾನು ಗೋಡೆ ತೋರಿಸಿದೆ. "ಮಕ್ಕಳ ಹೊತ್ತು ಸಾಹೇಬ್ರೆ. ನೀವೇ ಬರೆಸಿದ್ದು."

ಗೇಟಿನ ಹತ್ತಿರ ಮುದುಕ ಗೆಂಗ್ ಅಡ್ಡ ಬಂದ. "ಚೀಟಿ ಎಲ್ಲವ್ವ?"

"ಚೀಟಿ ನಿಮ್ ಸಾಹೇಬ್ನ ಕೈಲೈತೆ," ಅಂದೆ. "ಎರಡೂ ಕೈಲಿ ಹಿಡ್ಕೊಂಡು ನಿಂತವ್ನೆ, ಹೋಗಿ ನೋಡೋಗು."

"ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ್ರವ್ವ. ಗುಂಡಿ ಒತ್ತಿದ್ರೆ ನನ್ನ ಕೆಲ್ಸ ಹೋಯ್ತದೆ."

"ನೀನು ಒತ್ತಬ್ಯಾಡ ಬುಡು ತಾತ. ಆಕಡೆ ಸರ್ಕೊ," ಅಂದಳು ಯೂಲಿಯೆನ್.

ಅವಳು ಗೇಟಿಗೆ ಹೆಗಲು ಕೊಟ್ಟಳು. ನಾವೆಲ್ಲ ಕೊಟ್ಟೆವು. ಕಬ್ಬಿಣ ಕಿರುಗುಟ್ಟಿತು, ಗಾಲಿಗಳು ಹಳಿ ಬಿಟ್ಟವು, ಇಡೀ ಗೇಟು ವಾಲಿ ದಾರಿಗಡ್ಡ ಮಗುಚಿತು. ಅದನ್ನು ತುಳಿದು ದಾಟಿ ರಸ್ತೆಗೆ ಬಂದೆವು. ರೂಯಿ ಮನೆಯಲ್ಲಿದ್ದಳು, ಯೂಲಿಯೆನ್‌ಗೆ ಶಾಲೆಯಿಂದ ಕರೆತರಬೇಕಾದವರು ಯಾರೂ ಇರಲಿಲ್ಲ. ಆದರೂ ನಮ್ಮ ಮುಂದೆಯೇ ನಡೆದಳು.

ಹಿಂದಿನಿಂದ ಕಪ್ಪು ಕಾರುಗಳ ಹಾರನ್ನು ಶುರುವಾಯಿತು. ಡ್ರೈವರೊಬ್ಬ ಬಿದ್ದ ಗೇಟಿನ ಆಚೆ ನಿಂತು ಕೂಗಿದ, "ಏಯ್, ದೊಡ್ಡೋರು ಹೋಗ್ಬೇಕು! ಬಂದು ಇದನ್ನ ಎತ್ರಿ!"

ಯೂಲಿಯೆನ್ ತಿರುಗಿಯೂ ನೋಡಲಿಲ್ಲ.

"ಕಾಯ್ಲಿ ಬುಡು," ಅಂದಳು. "ಒಸಿ ಹೊತ್ತು ಗೇಟತ್ರ ನಿಂತ್ರೆ ಕರಗೋಯ್ತಾರಾ?"