ಗಾಳಿ ಜಾಕೆಟ್

"ಫೋಟೋ ಮುಗೀತು, ಜಾಕೆಟ್ ಬಿಚ್ಚಿ ಪೆಟ್ಟಿಗೇಲಿ ಹಾಕಿ" ಎಂದು ಮೇಸ್ತ್ರಿ ಕೂಗಿದಾಗ ಅತ್ತಿಗೆ ಬಿಸಿ ಡಾಂಬರು ಹರಡುತ್ತಿದ್ದಳು. ಜೊತೆಗೇ ಕೆಲಸ ಮಾಡುವ ನಾದಿನಿ ಹಾಗೆ ಕರೆಯುತ್ತಿದ್ದುದರಿಂದ ರಸ್ತೆ ಕೆಲಸದವರಿಗೆಲ್ಲ ಅವಳು ಅತ್ತಿಗೆಯೇ. ಅವಳಿಗಿಂತ ಹಿರಿಯನಾದ ರೋಲರ್ ಚಾಲಕನೂ ಹಾಗೇ ಕರೆಯುತ್ತಿದ್ದ.

ಜಾಕೆಟ್ಟಿನ ಸೊಂಟದ ಎರಡೂ ಬದಿಗೆ ಅಂಗೈಯಗಲದ ಫ್ಯಾನುಗಳು, ಜೇಬಿನಲ್ಲಿ ಬ್ಯಾಟರಿ. ಬೆಳಿಗ್ಗೆ ಗುತ್ತಿಗೆ ಕಂಪನಿಯವರು ಫೋಟೋ ತೆಗೆಯಲು ಬಂದು ತೊಡಿಸಿದಾಗ, "ಊದ್ಕೊಂಡ ಕಪ್ಪೆ ಹಾಗೆ ಕಾಣ್ತೀವಿ" ಎಂದು ನಗೆಯೋ ನಗೆ. ಆಮೇಲೆ ಬೆನ್ನ ಮೇಲೆ ಗಾಳಿ ಹರಿದಾಡತೊಡಗಿತು, ನಗುತ್ತಿದ್ದವರು ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡರು. ಬೇಸಿಗೆಯಲ್ಲಿ ಬೆನ್ನು ತಂಪಾಗಿದ್ದದ್ದು ಅತ್ತಿಗೆಗೆ ನೆನಪೇ ಇರಲಿಲ್ಲ.

ಹೋದ ವಾರ ಇದೇ ರಸ್ತೆಯಲ್ಲಿ ನಾದಿನಿ ತಲೆ ಸುತ್ತಿ ಬಿದ್ದಿದ್ದಳು. ಮೈ ಕಾದ ಹೆಂಚಿನಂತೆ, ಬೆವರಿನ ಹನಿಯಿಲ್ಲ, ಮಾತು ತೊದಲು. "ಏನೂ ತಿನ್ದೆ ಬಂದಿರ್ತಾಳೆ" ಎಂದಿದ್ದ ಮೇಸ್ತ್ರಿ. ಆಸ್ಪತ್ರೆಯಿಂದ ಬಂದು ಇವತ್ತೇ ಮತ್ತೆ ಕೆಲಸಕ್ಕೆ ನಿಂತಿದ್ದವಳು ಈಗ ಜಿಪ್ಪಿಗೆ ಕೈ ಹಾಕಿದ್ದಳು.

"ಏನಮ್ಮಾ, ನಿಂಗೆ ಬೇರೆ ಹೇಳ್ಬೇಕಾ?" ಮೇಸ್ತ್ರಿ ಅತ್ತಿಗೆಯ ಹತ್ತಿರ ಬಂದ. "ಇವೆಲ್ಲ ಇನ್ನೊಂದು ಸೈಟಿಗೆ ಹೋಗ್ಬೇಕು. ಅಲ್ಲೂ ಫೋಟೋ ಇದೆ."

"ಅವ್ರಿಗೆ ಬೇರೆ ತರಿಸಿ."

"ನಾಳೆಯಿಂದ ಕೆಲಸ ಬೇಡ್ವಾ?"

ಅತ್ತಿಗೆ ಸಲಿಕೆಗೆ ಅಂಟಿದ ಡಾಂಬರು ಕೊಡವಿದಳು. "ನಾಳೆ ಮಾತು ನಾಳೆ. ಇವತ್ತು ಲಾರಿ ತುಂಬ ಡಾಂಬರಿದೆ, ಆರಿದ್ರೆ ಕಲ್ಲಾಗತ್ತೆ. ಈ ಬಿಸಿಲಲ್ಲಿ ನೀವು ಹರಡ್ತೀರಾ? ಹಿಡೀರಿ." ಸಲಿಕೆಯನ್ನು ಅವನತ್ತ ಚಾಚಿದಳು.

ನಾದಿನಿ ಅರ್ಧ ಇಳಿಸಿದ್ದ ಜಿಪ್ಪನ್ನು ಸರ್ರನೆ ಮೇಲೆಳೆದುಕೊಂಡಳು. ರೋಲರ್ ಚಾಲಕ ಎಂಜಿನ್ ಆರಿಸಿ ಇಳಿದು ಬಂದ. "ಅತ್ತಿಗೆ ಬಿಚ್ಚಿದ್ರೆ ನಾನೂ ಬಿಚ್ತೀನಿ" ಎಂದು ಕೈಕಟ್ಟಿ ನಿಂತ. ಆಗಲೇ ಬಿಚ್ಚಿ ಹಾಕಿದ್ದ ಇಬ್ಬರು ಪೆಟ್ಟಿಗೆಯಿಂದ ತಮ್ಮ ಜಾಕೆಟ್ಟು ಎತ್ತಿಕೊಂಡರು.

ಮೇಸ್ತ್ರಿ ಫೋನ್ ಹಿಡಿದು ದೂರ ಹೋದ. ಡಾಂಬರಿನ ಹೊಗೆ ತೆಳುವಾಗುತ್ತ ಬಂತು. ಯಾರೂ ಕದಲಲಿಲ್ಲ. ತಿರುಗಿ ಬಂದವನು ಯಾರ ಮುಖವನ್ನೂ ನೋಡದೆ, "ಸಂಜೆ ಕೊಟ್ಟು ಹೋಗಿ" ಎಂದ.

"ಸಂಜೆ ಬ್ಯಾಟರಿ ಕೊಡ್ತೀವಿ, ಚಾರ್ಜಿಗೆ ಹಾಕಿಡಿ" ಎಂದಳು ಅತ್ತಿಗೆ. "ಜಾಕೆಟ್ ಬೆವರು ನಾರ್ತಿದೆ, ಮನೇಲಿ ಒಗೀಬೇಕು."

ಮೇಸ್ತ್ರಿ ಪೆಟ್ಟಿಗೆಯನ್ನು ಕಾಲಿನಿಂದ ಬದಿಗೆ ತಳ್ಳಿದ. ಅವಳು ಸಲಿಕೆ ಎತ್ತಿದಳು. ರೋಲರ್ ಮತ್ತೆ ಗುಡುಗಿತು.

ಆ ಸಂಜೆ ಫ್ಯಾನು ಕಳಚಿ ಒಗೆದ ಜಾಕೆಟ್ಟುಗಳು ನೋಡನೋಡುತ್ತಲೇ ಒಣಗಿದವು. ನಾದಿನಿ ಹೊಸ್ತಿಲ ಮೇಲೆ ಕೂತು, ತನ್ನದರ ಕೊರಳಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಗುರುತಿನ ಹೊಲಿಗೆ ಹಾಕಿ ಮುಗಿಸಿದಳು.

"ಅತ್ತಿಗೆ, ನಿಮ್ಮದಕ್ಕೆ ಯಾವ ಬಣ್ಣ?"

ಅತ್ತಿಗೆ ದಾರದ ಡಬ್ಬಿಯನ್ನು ಮಡಿಲಿಗೆ ಸುರಿದುಕೊಂಡು, ನಿಧಾನವಾಗಿ ಆರಿಸತೊಡಗಿದಳು.